ಹಳೆಯ ರೆಕ್ಕೆ, ಹೊಸ ರೆಕ್ಕೆ

ವಿಮಾನಕ್ಕೆ ಎಷ್ಟು ವರ್ಷವಾಯಿತು ಎಂದು ಪ್ರಯಾಣಿಕರು ಕೇಳುತ್ತಾರೆ. ಪೈಲಟ್‌ಗಳಿಗೆ ಅಷ್ಟು ಸಾಲದು. ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಏರಿ ಇಳಿದಿದೆ ಎಂಬುದೂ ಬೇಕು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ಲೋಹದ ಒಡಲು ತುಸು ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ದಣಿವು ಅಲ್ಲಿಂದ ಶುರು. 1988ರಲ್ಲಿ ಹವಾಯಿಯ ಆಕಾಶದಲ್ಲಿ ಅಲೋಹಾ ಏರ್‌ಲೈನ್ಸ್‌ನ 737 ವಿಮಾನದ ಚಾವಣಿ ಕಿತ್ತುಹೋದಾಗ ಅದಕ್ಕೆ 19 ವರ್ಷ. ದ್ವೀಪದಿಂದ ದ್ವೀಪಕ್ಕೆ ಹಾರಿ ಹಾರಿ ಅದು 89,000ಕ್ಕೂ ಹೆಚ್ಚು ಹಾರಾಟ ಮುಗಿಸಿತ್ತು. ಖಂಡ ದಾಟುವ 777 ದಿನಕ್ಕೆ ಒಮ್ಮೆಯೋ ಎರಡು ಸಲವೋ ಏರುತ್ತದೆ. ಅದೇ 19 ವರ್ಷ ಅದರ ಮೈಮೇಲೆ ಬೇರೆ ಥರ ಕೂರುತ್ತದೆ.

*

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರೈತ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಬಳಸಿದ ವಿಮಾನದ ಹಲ್ಲು ಅದರ ದಾಖಲೆಗಳಲ್ಲಿದೆ. ಯಾವ ಭಾಗ ಯಾವಾಗ ಬದಲಾಯಿತು, ಯಾವ ದೋಷ ಎಷ್ಟು ಸಲ ಮರುಕಳಿಸಿತು, ಬಿಚ್ಚಿ ನೋಡುವ ದೊಡ್ಡ ತಪಾಸಣೆ ಎಲ್ಲಿ ನಡೆಯಿತು ಎಂಬುದೆಲ್ಲ ಅಲ್ಲಿರುತ್ತದೆ. ಹೊಸ ಬಣ್ಣ ಬಳಿದು ತಂದ ವಿಮಾನದ ದಾಖಲೆ ಅರೆಬರೆಯಾಗಿದ್ದರೆ ನನಗೆ ಅದು ಹಳೆಯದೇ.

*

ಏರ್ ಇಂಡಿಯಾ 2005–06ರ ದೊಡ್ಡ ಖರೀದಿಯಲ್ಲಿ ಎಂಟು 777-200ಎಲ್‌ಆರ್ ವಿಮಾನಗಳನ್ನು ಕೊಂಡಿತು. ಈ ಮಾದರಿಯ ವಿಮಾನವೊಂದು 2005ರಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವದ ದಾರಿ ಹಿಡಿದು ಎಲ್ಲೂ ಇಳಿಯದೆ ಲಂಡನ್ ತಲುಪಿತ್ತು: 21,601 ಕಿ.ಮೀ. ಅಂಥ ವಿಮಾನಗಳಲ್ಲಿ ಐದನ್ನು ಸಂಸ್ಥೆ ಸಾಲದ ಹೊರೆಯಲ್ಲಿ ಅಬುಧಾಬಿಯ ಎತಿಹಾದ್‌ಗೆ ಮಾರಿತು. 2022ರ ಜನವರಿಯಲ್ಲಿ ಟಾಟಾ ಕೈಗೆ ಬಂದ ಮೇಲೆ, ಅಮೆರಿಕದ ಡೆಲ್ಟಾ 2020ರಲ್ಲಿ ಸೇವೆಯಿಂದ ಇಳಿಸಿದ್ದ ಅದೇ ಮಾದರಿಯ ಐದನ್ನು ಗುತ್ತಿಗೆಗೆ ತಂದಿತು. ಕೈಬಿಟ್ಟದ್ದನ್ನು ಬಾಡಿಗೆ ಕೊಟ್ಟು ಮರಳಿ ತರುವಾಗ ಆಗುವ ನಷ್ಟ ಲೆಕ್ಕಪತ್ರದಲ್ಲಿ ಪೂರ್ತಿ ಕಾಣುವುದಿಲ್ಲ. ಆ ವಿಮಾನವನ್ನು ಬಲ್ಲ ಪೈಲಟ್‌ಗಳೂ ಎಂಜಿನಿಯರ್‌ಗಳೂ ಅಷ್ಟು ವರ್ಷ ಕಾಯುತ್ತಾ ಕೂರುವುದಿಲ್ಲ.

ಹಾಗೆಂದು ಡೆಲ್ಟಾದಿಂದ ಬಂದವನ್ನು ನಾನು ಹಗುರಾಗಿ ಕಾಣಲಾರೆ. ಏರ್ ಇಂಡಿಯಾದಲ್ಲಿ ಪ್ರೀಮಿಯಂ ಎಕಾನಮಿ ಆಸನಗಳು 2023ರಲ್ಲಿ ಮೊದಲು ದೊರೆತದ್ದು ಅವುಗಳಲ್ಲೇ, ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊದಂಥ ದಾರಿಗಳಲ್ಲಿ. ಚೆನ್ನಾಗಿ ಬಾಳಿದ ಮನೆಯಿಂದ ಬಂದ ವಿಮಾನ ನಮ್ಮಲ್ಲೇ ಹೊಸದಾಗಿ ಬಂದು ಸೊರಗಿದ ವಿಮಾನಕ್ಕಿಂತ ಮೇಲು.

*

ಒಂದು ಮಾದರಿಯ ಹತ್ತು ವಿಮಾನ ಒಂದೇ ಕಡೆಯಿಂದ ಬಂದರೆ ಹತ್ತೂ ಒಂದೇ. ಮೂರು ಸಂಸ್ಥೆಗಳಿಂದ ಬಂದರೆ ಮೂರು ಬಗೆ. ಸ್ವಿಚ್ಚಿನ ಜಾಗ, ಸಾಫ್ಟ್‌ವೇರ್, ಸಿಬ್ಬಂದಿ ಮಲಗುವ ಬಂಕ್ ಎಲ್ಲದರಲ್ಲೂ ಸಣ್ಣ ಸಣ್ಣ ವ್ಯತ್ಯಾಸ. ಅದಕ್ಕೆಂದೇ ಪ್ರತ್ಯೇಕ ತರಬೇತಿ ಉಂಟು. ಆದರೂ ನಡುರಾತ್ರಿ, ಸಾಗರದ ಮೇಲೆ, ಕೈ ಅಭ್ಯಾಸದ ಜಾಗಕ್ಕೇ ಹೋಗುತ್ತದೆ. ಹೊಸ ವಿಮಾನಗಳ ಪರವಾಗಿ ನನಗೆ ಕಾಣುವ ಅತಿ ಬಲವಾದ ಮಾತು ಇದು: ಎಲ್ಲವೂ ಒಂದೇ ಥರ ಇರುತ್ತವೆ.

*

ಹೊಸ ವಿಮಾನಗಳ ಪರವಾದ ಎರಡನೆಯ ಮಾತು ದೇಹದ್ದು. ಹಳೆಯ ದೊಡ್ಡ ವಿಮಾನಗಳ ಒಳಗೆ ಸುಮಾರು 8,000 ಅಡಿ ಬೆಟ್ಟದ ಮೇಲಿರುವಷ್ಟು ತೆಳುವಾದ ಗಾಳಿ ಇರಬಹುದು. ಅರ್ಧದಷ್ಟು ತೂಕ ಕಾಂಪೊಸಿಟ್ ಆಗಿರುವ 787, ಎ350ಗಳಲ್ಲಿ ಅದು 6,000 ಅಡಿಗೆ ಇಳಿಯುತ್ತದೆ. ಒಮ್ಮೆ ಹಾರುವವರಿಗೆ ಇದು ಸೌಕರ್ಯ. ತಿಂಗಳು ತಿಂಗಳೂ ಹಾರುವವರಿಗೆ ಮೈ ದಣಿವಿನ ಪ್ರಶ್ನೆ.

*

2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಾಗದದ ಮೇಲೆ ಒಂದು. ಹಿರಿತನದ ಪಟ್ಟಿ ಎರಡು. ಐದು ವರ್ಷದ ಬಳಿಕ 787 ಬರುವ ಹೊತ್ತಿಗೆ ಅದರ ತರಬೇತಿ ಯಾರಿಗೆ ಎಂಬ ಪ್ರಶ್ನೆಗೆ ಏರ್ ಇಂಡಿಯಾ ಕಡೆಯ ಪೈಲಟ್‌ಗಳು 58 ದಿನ ಕೆಲಸ ನಿಲ್ಲಿಸಿದರು. ದೂರದ ಹಾರಾಟ ನಮ್ಮ ಕಸುಬು, ಈ ವಿಮಾನಕ್ಕಾಗಿ ಕಾದವರು ನಾವು ಎಂಬುದು ಅವರ ಮಾತು. ವಿಲೀನ ಅಂದಮೇಲೆ ದೊಡ್ಡ ವಿಮಾನದಲ್ಲಿ ನಮಗೂ ಪಾಲು ಎಂಬುದು ಇನ್ನೊಂದು ಕಡೆಯ ಮಾತು. ಎರಡನ್ನೂ ಸುಳ್ಳೆನ್ನಲು ನನಗೆ ಬಾಯಿ ಬಾರದು. ಎರಡಕ್ಕೂ ಉತ್ತರ ಕೊಡಬೇಕಾದವರು ಐದು ವರ್ಷ ಸುಮ್ಮನಿದ್ದರು.

ಮೊದಲ 787 ಆ ಸೆಪ್ಟೆಂಬರ್‌ನಲ್ಲಿ ಇಳಿಯಿತು. 2013ರ ಜನವರಿಯಲ್ಲಿ ಬ್ಯಾಟರಿ ಹೊತ್ತಿಕೊಳ್ಳುವ ದೋಷದಿಂದ ಜಗತ್ತಿನ ಎಲ್ಲ 787ಗಳೂ ನೆಲ ಹಿಡಿದವು, ನಮ್ಮ ಆರೂ ಸೇರಿ. ಹೊಚ್ಚ ಹೊಸದಕ್ಕೆ ಅದರದೇ ಬಾಲಾರಿಷ್ಟ.

*

ಕಂಪನಿಗಳು ಒಂದಾದಾಗ ಪೈಲಟ್ ವಿಮಾನದ ಹೆಸರು ಕೇಳುವುದಕ್ಕೂ ಮೊದಲು ಕೇಳುವುದು ಯಾವ ಸೀಟು, ಯಾವ ಊರು, ಪಟ್ಟಿಯಲ್ಲಿ ಎಷ್ಟನೆಯ ಜಾಗ ಎಂದು. ಹಳೆಯ 777ರಲ್ಲಿ ಬೇಗ ಕ್ಯಾಪ್ಟನ್ ಆಗುವುದೋ, ಹೊಸ ಎ350ಯಲ್ಲಿ ಇನ್ನಷ್ಟು ವರ್ಷ ಸಹಪೈಲಟ್ ಆಗಿ ಬಲಗಡೆ ಕೂರುವುದೋ? ಇದನ್ನು ದುರಾಸೆ ಎನ್ನುವವರು ಬಲಗಡೆಯ ಸೀಟಿನ ಸಂಬಳದಲ್ಲಿ ತರಬೇತಿಯ ಸಾಲ ತೀರಿಸಿ ನೋಡಬೇಕು.

*

ವಿಸ್ತಾರಾ ವಿಮಾನ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಕರಗಿತು. ತಿಕ್ಕಾಟ ಅದಕ್ಕೂ ಏಳು ತಿಂಗಳು ಮೊದಲೇ ಹೊರಬಿದ್ದಿತ್ತು. ವಿಸ್ತಾರಾ ಪೈಲಟ್‌ಗಳಿಗೆ ತಿಂಗಳಿಗೆ 70 ಗಂಟೆಯ ಖಾತರಿ ಸಂಬಳ 40 ಗಂಟೆಗೆ ಇಳಿಯಿತು. ಹಾರಾಟಗಳು ಸಾಲುಸಾಲಾಗಿ ರದ್ದಾದವು. ನಿವೃತ್ತಿ ಏರ್ ಇಂಡಿಯಾದಲ್ಲಿ 58ಕ್ಕೆ, ವಿಸ್ತಾರಾದಲ್ಲಿ 60ಕ್ಕೆ ಇತ್ತು. ಬಳಿಕ ಪೈಲಟ್‌ಗಳಿಗೆ ಅದನ್ನು 65ಕ್ಕೆ ಏರಿಸಿದರು. ಅನುಭವಿಗಳು ಉಳಿದರು, ಒಳ್ಳೆಯದೇ. ಕಿರಿಯರ ಸರದಿ ಅಷ್ಟು ದೂರ ಸರಿಯಿತು, ಅದೂ ನಿಜ.

*

ಎ350 ಹೊಸದೋ ಹಳೆಯದೋ? 2023ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾಕ್ಕೆಂದು ದೆಹಲಿಗೆ ಬಂದದ್ದು ರಷ್ಯಾದ ಏರೋಫ್ಲಾಟ್‌ಗೆಂದು ಕಟ್ಟಿ, ದಿಗ್ಬಂಧನದಿಂದಾಗಿ ಅಲ್ಲಿಗೆ ತಲುಪದೆ ಉಳಿದದ್ದು. ಒಬ್ಬ ಪ್ರಯಾಣಿಕನನ್ನೂ ಹೊತ್ತಿರಲಿಲ್ಲ, ಆದರೆ ಬೇರೆಯವರ ಬಯಕೆಗೆ ತಕ್ಕಂತೆ ಹೊಲಿದಿತ್ತು. ಅದನ್ನು ಕೂಡಲೇ ಸಾಗರದಾಚೆ ಕಳಿಸದೆ ಬೆಂಗಳೂರು, ಮುಂಬೈ, ಚೆನ್ನೈಗಳ ನಡುವೆ ಹಾರಿಸಿದ್ದು ಸರಿಯಾದ ನಿರ್ಧಾರ. ದೂರದ ದಾರಿಯಲ್ಲಿ ಗಂಟೆಗಳು ರಾಶಿ ಬೀಳುತ್ತವೆ, ಇಳಿಸುವ ಅವಕಾಶ ಕಡಿಮೆ. ಒಂದು ವಿಮಾನವನ್ನು ಪಳಗಿಸಲು ಅದನ್ನು ಮತ್ತೆ ಮತ್ತೆ ನೆಲಕ್ಕೆ ಮುಟ್ಟಿಸಬೇಕು.

*

2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾದ 470 ವಿಮಾನಗಳ ಖರೀದಿ ಘೋಷಣೆಯಾಯಿತು. ಅದರಲ್ಲಿ ಹತ್ತು 777-9. ಆ ಮಾದರಿ ಮೊದಲು ಸೇವೆಗೆ ಬರಬೇಕಿದ್ದದ್ದು 2020ರಲ್ಲಿ. ಅದೀಗ 2027ಕ್ಕೆ ಹೋಗಿದೆ. ಘೋಷಿಸಿದ ವಿಮಾನ ಯಾರನ್ನೂ ಊರಿಗೆ ಮುಟ್ಟಿಸುವುದಿಲ್ಲ. ಇಂದು ರಾತ್ರಿಯ ರೋಸ್ಟರ್ ತುಂಬುವುದು ಇದ್ದುದರಿಂದಲೇ.

*

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ಏರ್ ಇಂಡಿಯಾದ 787ಕ್ಕೆ ಹನ್ನೊಂದು ವರ್ಷ. 260 ಜೀವ ಹೋದವು. ಅಂದಿನಿಂದ ಹಳೆಯದು ಎಂಬ ಮಾತು ಕೇಳಿದರೆ ಜನ ಬೆಚ್ಚುತ್ತಾರೆ. ಅಂತಿಮ ವರದಿಗೆ ಮೊದಲೇ ಯಂತ್ರವನ್ನೋ ಸತ್ತ ಪೈಲಟ್‌ಗಳನ್ನೋ ಅಪರಾಧಿ ಮಾಡುವುದು ಉಳಿದವರಿಗೆ ಬಗೆಯುವ ಅನ್ಯಾಯ.

*

2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಬಂತು. ಸುಮಾರು 14,000 ಕಿ.ಮೀ. ಅವರು ತಂದದ್ದು ಮಾರದೆ ಉಳಿಸಿಕೊಂಡಿದ್ದ ಮೂರು 777-200ಎಲ್‌ಆರ್‌ಗಳಲ್ಲಿ ಒಂದನ್ನು. ಹತ್ತು ವರ್ಷ ದಾಟಿದ ವಿಮಾನ. ಅದನ್ನು ಹಾರಲು ಯೋಗ್ಯವಾಗಿ ಇಟ್ಟ ಎಂಜಿನಿಯರ್‌ಗಳ ಹೆಸರು ಯಾವ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಬೀಳಬೇಕಿತ್ತು.

*

ಸ್ನ್ಯಾಗ್, ಅಂದರೆ ಹಾರಾಟದಲ್ಲಿ ಕಂಡ ದೋಷ, ಬರೆದಿಡುವ ಪೈಲಟ್‌ನನ್ನು ಕಿರಿಕಿರಿ ಎನ್ನುವ ಸಂಸ್ಥೆಯಲ್ಲಿ ಹೊಸ ವಿಮಾನವೂ ಬೇಗ ಮುಪ್ಪಾಗುತ್ತದೆ.

*

ನನ್ನ ಬೇಡಿಕೆ ಎರಡು. ವಿಲೀನದ ಬಳಿಕ ಬರುವ ಪ್ರತಿ ದೊಡ್ಡ ವಿಮಾನಕ್ಕೆ ಯಾರು ತರಬೇತಿ ಪಡೆಯುತ್ತಾರೆ ಎಂಬ ಪಟ್ಟಿ, ವಿಮಾನ ಇಳಿಯುವ ಮೊದಲೇ ಎರಡೂ ಕಡೆಯವರ ಕೈಯಲ್ಲಿರಲಿ. ಆ ವಿಮಾನ ತಯಾರಾದ ವರ್ಷ, ಮೊದಲು ಯಾರ ಬಳಿ ಇತ್ತು, ಕೊನೆಯ ದೊಡ್ಡ ತಪಾಸಣೆ ಯಾವಾಗ ಆಯಿತು ಎಂಬುದು ಟಿಕೆಟ್ ಕೊಳ್ಳುವವರಿಗೂ ಕಾಣುವಂತಿರಲಿ. ಈ ವಿವರವನ್ನು ಹೊಸದಾಗಿ ಹುಡುಕಬೇಕಿಲ್ಲ. ಸಂಸ್ಥೆಯ ಕಡತದಲ್ಲಿ ಇದ್ದೇ ಇದೆ.