ಉಳಿದ 34 ಅಕ್ಷರ

ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಗಿಡಗಳ ಡಿಎನ್‌ಎ ಜೊತೆ ನನ್ನ ಕೆಲಸ. ಯುಗಾದಿಗೆ ಅರಸೀಕೆರೆ ಕಡೆಯ ನಮ್ಮೂರಿಗೆ ಹೋಗಿದ್ದಾಗ ಅಪ್ಪ ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಾ ಕೇಳಿದರು: "ಗಿಡದೊಳಕ್ಕೆ ಅದೇನೋ ಔಷಧಿ ತಡೆಯೋ ಜೀನು ಹಾಕ್ತೀರಂತಲ್ಲ, ಅದು ಅಲ್ಲೇ ಇರುತ್ತಾ?"

"ಇಲ್ಲಪ್ಪ, ಕೆಲಸ ಆದ್ಮೇಲೆ ತೆಗೀತೀವಿ. ಏನೂ ಉಳಿಯಲ್ಲ" ಅಂದೆ. ಅಪ್ಪ ನಂಬಿದರು. ವಾಪಸು ಬರುವ ರೈಲಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ನಾವು ಸೇರಿಸಿದ ಜೀನು ಯಾವ ಕೋಶಕ್ಕೆ ಹೋಗಿದೆ ಎಂದು ಗುರುತಿಸಲು, ಆಂಟಿಬಯಾಟಿಕ್ ತಡೆದುಕೊಳ್ಳುವ ಇನ್ನೊಂದು ಜೀನನ್ನು ಅದರ ಜೊತೆಗೆ ಕಳಿಸುವುದುಂಟು. ಗುರುತು ಸಿಕ್ಕ ಮೇಲೆ ಅದು ಬೇಡ. ತೆಗೆಯುವ ಒಂದು ದಾರಿ 'ಕ್ರೀ' ಎಂಬ ಕಿಣ್ವ. ಬ್ಯಾಕ್ಟೀರಿಯಾಗಳಿಗೆ ತಗಲುವ ಪಿ1 ಎಂಬ ವೈರಸ್ಸಿನಿಂದ ಬಂದದ್ದು. 'ಲಾಕ್ಸ್‌ಪಿ' ಎಂಬ 34 ಅಕ್ಷರಗಳ ತಾಣವನ್ನು ಅದು ಹುಡುಕುತ್ತದೆ: ಎರಡು ಬದಿಗೆ 13, 13; ನಡುವೆ ದಿಕ್ಕು ತೋರಿಸುವ 8. ಒಂದೇ ದಿಕ್ಕಿನ ಎರಡು ತಾಣಗಳ ನಡುವೆ ಜೀನು ಇದ್ದರೆ ಅದನ್ನು ಉಂಗುರದಂತೆ ಕಳಚಿ ಹಾಕುತ್ತದೆ. ಮಾಮೂಲಿ ಕತ್ತರಿ ಕಿಣ್ವಗಳು ಕತ್ತರಿಸಿ ಹೊರಟುಬಿಡುತ್ತವೆ, ಜೋಡಿಸಲು ಬೇರೆ ಕಿಣ್ವ ಬೇಕು. ಕ್ರೀ ಹಾಗಲ್ಲ. ತಾನು ಕತ್ತರಿಸಿದ ತುದಿಯನ್ನು ತಾನೇ ಹಿಡಿದುಕೊಂಡು, ಹೊಸ ಜೋಡಿಗೆ ಸೇರಿಸಿಯೇ ಬಿಡುತ್ತದೆ. ಎರಡು ತಾಣಗಳಲ್ಲಿ ಒಂದು ಉಂಗುರದ ಜೊತೆ ಹೋಗುತ್ತದೆ. ಇನ್ನೊಂದು ಗಿಡದಲ್ಲೇ ಉಳಿಯುತ್ತದೆ.

ಅಂದರೆ ನಾನು ಹೇಳಿದ್ದು ಸುಳ್ಳು.

ಆ 34 ಅಕ್ಷರ ಯಾವ ಪ್ರೋಟೀನನ್ನೂ ಮಾಡುವುದಿಲ್ಲ, ಅದನ್ನು ಅಪ್ಪನಿಗೆ ಹೇಳಿ ಏನಾಗಬೇಕಿತ್ತು ಎಂದು ಮನಸ್ಸು ವಾದ ಹೂಡಿತು. ಆದರೆ ಅಪ್ಪ ಕೇಳಿದ್ದು ಇದೆಯೋ ಇಲ್ಲವೋ ಎಂದು. ನಾನು ಉತ್ತರಿಸಿದ್ದು ಹೆದರಬೇಕೋ ಬೇಡವೋ ಎಂಬುದಕ್ಕೆ. ಅವರು ತೂಗಿ ನೋಡಬೇಕಾದದ್ದನ್ನು ಅವರ ಪರವಾಗಿ ನಾನೇ ತೂಗಿ ಮುಗಿಸಿದ್ದೆ.

ಇನ್ನೊಂದು ಮಾತು ಹೆಚ್ಚು ಚುಚ್ಚಿತು. ಅದೇ ಗಿಡದಲ್ಲಿ ಮತ್ತೆ ಕ್ರೀ ಬಳಸಿದರೆ ಹಳೆಯ ತಾಣ ಹೊಸದರ ಜೊತೆ ಸೇರಿಕೊಂಡು ಎಡವಟ್ಟು ಮಾಡಬಹುದು. ಅದಕ್ಕೇ ಲ್ಯಾಬಿನ ನಕ್ಷೆಯಲ್ಲಿ ಅದನ್ನು ಗುರುತು ಹಾಕದೆ ಬಿಡುವುದಿಲ್ಲ. ಸಹೋದ್ಯೋಗಿಗೆ ಮುಚ್ಚಿಡದ್ದನ್ನು ಅಪ್ಪನಿಗೆ ಮುಚ್ಚಿಟ್ಟೆ. ಅವರು ಪರೀಕ್ಷಿಸಿ ನೋಡಲಾರರು ಎಂಬ ಧೈರ್ಯ ತಾನೇ ಅದು? ಪರೀಕ್ಷಿಸಲಾಗದವರ ಮುಂದೆಯೇ ಅಲ್ಲವೇ ನಾವು ಹೆಚ್ಚು ನಿಖರವಾಗಿರಬೇಕಾದದ್ದು?

ಭಾನುವಾರ ಫೋನ್ ಮಾಡಿ ಎಲ್ಲ ಹೇಳಿದೆ.

"ಕಳೆ ಕಿತ್ರೂ ಬೇರು ಉಳಿದಂಗಾ?" ಎಂದರು.

"ಬೇರಲ್ಲಪ್ಪ, ತಾನಾಗಿ ಚಿಗುರಲ್ಲ. ಗೂಟ ಕಿತ್ತ ಮೇಲೆ ಗುಂಡಿ ಉಳಿಯುತ್ತಲ್ಲ, ಹಂಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಸಣ್ಣ ಗುಂಡೀನೇ ಬಿಡು. ಆದ್ರೂ ಅವತ್ತೇ ಹೇಳಿದ್ರೆ, ನೋಡ್ಕೊಂಡು ಕಾಲಿಡ್ತಿದ್ದೆ."