ಏಕೆಂದು ಕೇಳುವುದು

ಉತ್ತರ ಸರಿಯಿದ್ದರೆ ಸಾಕು, ಕಾರಣ ಏಕೆ ಎನ್ನುವವರಿದ್ದಾರೆ. ನನಗೆ ಅದು ಸಾಕೆನಿಸುವುದಿಲ್ಲ.

ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಎಂಬುದೊಂದು ಲೆಕ್ಕಾಚಾರವಿದೆ. ಹೆಸರು ದೊಡ್ಡದು, ಸಂಗತಿ ಮಾತ್ರ ಕೊಳ್ಳೇಗಾಲದ ಟೀ ಅಂಗಡಿಯಲ್ಲಿ ಸುದ್ದಿ ಹರಡುವಂಥದು. ಪ್ರತಿಯೊಬ್ಬನೂ ಪಕ್ಕದವರ ಮಾತು ಕೇಳಿ ತನ್ನ ಅಭಿಪ್ರಾಯ ತಿದ್ದಿಕೊಳ್ಳುತ್ತಾನೆ. ಎರಡು ಮೂರು ಸುತ್ತು ಕಳೆಯುವಷ್ಟರಲ್ಲಿ ದೂರದವನ ಮಾತೂ ಇವನೊಳಗೆ ಬೆರೆತಿರುತ್ತದೆ. ಕೊನೆಗೆ ಇವನು ಹೇಳಿದ್ದು ಯಾರ ಮಾತೆಂದು ಇವನಿಗೇ ಗೊತ್ತಿರುವುದಿಲ್ಲ. ಅಣುವಿನೊಳಗಿನ ಪರಮಾಣುಗಳನ್ನು ಹೀಗೆ ಒಂದಕ್ಕೊಂದು ಮಾತಾಡಿಸಿಯೇ ಅಮೆರಿಕದ ಎಂ.ಐ.ಟಿ.ಯವರು 2020ರಲ್ಲಿ ಹ್ಯಾಲಿಸಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲದೆಂದು ಕಂಡುಕೊಂಡರು. ಹೇಗೆ ಕೊಲ್ಲುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಮನುಷ್ಯರೇ ಹುಡುಕಬೇಕಾಯಿತು. 2019ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಜಿ.ಎನ್.ಎನ್. ಎಕ್ಸ್‌ಪ್ಲೇನರ್ ಎಂಬ ಉಪಾಯ ಸೂಚಿಸಿದ್ದರು: ಜಾಲದ ಯಾವ ಕೆಲವು ಎಳೆಗಳನ್ನಷ್ಟೇ ಉಳಿಸಿಕೊಂಡರೂ ಅದೇ ಉತ್ತರ ಬರುತ್ತದೆ ಎಂದು ನೋಡುವುದು. ಆ ತುಣುಕೇ ಕಾರಣ ಎನ್ನುತ್ತಾರೆ. ಅದು ಯಂತ್ರದ ಕಾರಣ. ಲೋಕದ ಕಾರಣವೂ ಅದೇ ಆಗಿರಬೇಕೆಂದೇನಿಲ್ಲ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡೂ ಒಂದು ಜಾಲವೇ. ಅಲ್ಲಿನ ಸೋಲಿಗರು ಹಿಂದೆ ತರಗೆಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿಗೆ ತಡೆ ಬಿತ್ತು. ಮುಂದಿನ ದಶಕಗಳಲ್ಲಿ ಲಂಟಾನ ಕಾಲಿಡಲಾರದಂತೆ ಹಬ್ಬಿತು, ನೆಲ್ಲಿಮರಗಳಲ್ಲಿ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು. ಸೋಲಿಗರು ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತಾರೆ: ಬೆಂಕಿ ಲಂಟಾನದ ಸಸಿಯನ್ನು ಸುಡುತ್ತಿತ್ತು, ಉಪ್ಪಿಲನ್ನೂ ಹಿಡಿತದಲ್ಲಿಟ್ಟಿತ್ತು. ಏಟ್ರೀ ಸಂಸ್ಥೆಯ ಸಂಶೋಧಕರು ಇದನ್ನು ಬರೆದಿಟ್ಟಿದ್ದಾರೆ. ಬೆಂಕಿಯಿಂದಲೇ ಲಂಟಾನ ಹೆಚ್ಚುತ್ತದೆ ಎಂಬ ವಾದವೂ ವಿಜ್ಞಾನಿಗಳಲ್ಲಿದೆ. ಇರಲಿ. ಸೋಲಿಗರ ಮಾತು ತಪ್ಪಿದ್ದರೂ ಅದನ್ನು ಎಲ್ಲಿ ಹಿಡಿದು ಪರೀಕ್ಷಿಸಬೇಕೆಂದು ಆ ಮಾತೇ ತೋರಿಸುತ್ತದೆ. ಒಂದು ಕಡೆ ಸುಟ್ಟು ಇನ್ನೊಂದು ಕಡೆ ಬಿಟ್ಟು ನೋಡಬಹುದು. ಬರೀ ಆಜ್ಞೆಯೊಡನೆ ಹಾಗೆ ವಾದಿಸಲು ಬರುವುದಿಲ್ಲ.

ಹನೂರಿನ ಕಡೆಯ ಒಬ್ಬ ರೈತನಿಗೆ ಇಂಥ ಜಾಲವೊಂದು ಸಾಲ ಇಲ್ಲವೆಂದಿತೆನ್ನಿ. ಎಳೆ ಹಿಡಿದು ಹೋದರೆ ಕಾಣುವುದು ಅವನ ಅಣ್ಣನ ಬಾಕಿ, ಪಕ್ಕದ ಹೊಲದವನ ಬಾಕಿ. ಲೆಕ್ಕ ತಪ್ಪಿಲ್ಲದಿರಬಹುದು, ಬಾಕಿದಾರರ ನಡುವಿನವನೂ ಬಾಕಿ ಉಳಿಸುವ ಸಂಭವ ಹೆಚ್ಚೇ ಇರಬಹುದು. ಆದರೆ ಭಾಗವಾಗಿ ಹತ್ತು ವರ್ಷವಾಯಿತು ಸ್ವಾಮಿ, ಅಣ್ಣನ ಸಾಲಕ್ಕೆ ನಾನೇಕೆ ಹೊಣೆ ಎಂದು ಕೇಳಬೇಕಾದರೆ ಆ ಎಳೆ ಮೊದಲು ಅವನ ಕಣ್ಣಿಗೆ ಬೀಳಬೇಕು. ಬೀಳದಂತೆ ಮಾಡುವುದೂ ಕಷ್ಟವಲ್ಲ. ಆ ಎಳೆಯನ್ನು ಮುಚ್ಚಿ, 'ಆದಾಯ ಸಾಲದು' ಎಂದು ಚೀಟಿ ಅಚ್ಚುಹಾಕುವ ಯಂತ್ರವನ್ನೂ ಕಟ್ಟಬಹುದು. ಚೀಟಿಯ ಕನ್ನಡ ಶುದ್ಧವಾಗಿಯೇ ಇರುತ್ತದೆ. ಅವನು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತುತ್ತಾನೆ.