ಬಾಡಿಗೆಯ ಮನೆಯೂ ನ್ಯಾಸಧರ್ಮವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮೂರನೆಯ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಅವರಿಗೆ ಅದರ ಪ್ರಸಕ್ತಿ ಕಡಮೆಯಿದ್ದಿರಬಹುದು. ಈಗಲಾದರೋ ಚಿಕ್ಕ ಊರುಗಳಲ್ಲಿಯೂ, ಪಿಂಚಣಿಯಿಂದ ಜೀವಿಸುವ ನಮ್ಮಂಥವರು, ಮನೆಯ ಹಿಂಭಾಗವನ್ನೋ ಮೇಲಂತಸ್ತನ್ನೋ ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿದೆ. ಬಾಡಿಗೆದಾರನು ಬಿಟ್ಟುಹೋಗುವ ದಿನ, ಗೋಡೆ ಕೆಟ್ಟಿತು, ನೆಲ ಒಡೆಯಿತು, ಚಿಲಕ ಮುರಿಯಿತು ಎಂಬ ಜಗಳವೂ ಅಷ್ಟೇ ಸಾಮಾನ್ಯ. ಈ ಜಗಳದಲ್ಲಿ ಮನೆಯ ಯಜಮಾನನಾದವನ ಧರ್ಮವೇನು? ವಿಷಯವು ಅಲ್ಪವೆಂದು ತೋರಬಹುದು. ಆದರೆ ಮನುಷ್ಯನ ಧರ್ಮಾಧರ್ಮಗಳು ಪರೀಕ್ಷೆಗೆ ಒಳಗಾಗುವುದು ಬಹುಮಟ್ಟಿಗೆ ಇಂಥ ಅಲ್ಪ ವಿಷಯಗಳಲ್ಲಿಯೇ.

ಇಲ್ಲಿ ಎರಡು ಪೂರ್ವಪಕ್ಷಗಳನ್ನು ಕೇಳುತ್ತೇವೆ. ಮೊದಲನೆಯದು: “ಮನೆ ನನ್ನದು, ಕೆಡಿಸಿದವನು ಅವನು, ಮುಂಗಡದ ಹಣ ನನ್ನ ಕೈಯಲ್ಲಿದೆ, ನನಗೆ ತೋರಿದಷ್ಟು ಮುರಿದುಕೊಳ್ಳುತ್ತೇನೆ.” ಎರಡನೆಯದು: “ಹೋಗುವವರೊಡನೆ ಏತರ ಜಗಳ? ಕ್ಷಮಿಸಿಬಿಡುವುದೇ ದೊಡ್ಡತನ.” ಮೊದಲನೆಯದು ಲೋಕದಲ್ಲಿ ನಡೆಯುವ ಮಾತು, ಎರಡನೆಯದು ಸಭೆಯಲ್ಲಿ ಆಡುವ ಮಾತು. ಇವೆರಡೂ ಧರ್ಮವನ್ನು ಮುಟ್ಟಲಿಲ್ಲವೆಂಬುದು ನನ್ನ ಅಭಿಪ್ರಾಯ. ಅದು ಗ್ರಂಥಗಳಿಂದ ಮಾತ್ರ ಬಂದುದಲ್ಲ; ನಾನೇ ಮಾಡಿದ ಒಂದು ಅನ್ಯಾಯದಿಂದ ಬಂದುದು. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

ಮೊದಲು ಶಾಸ್ತ್ರವನ್ನು ನೋಡೋಣ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮೂರನೆಯ ಅಧಿಕರಣದೊಳಗೆ, ಬಾಡಿಗೆಯ ಮನೆಯ ವಿಚಾರವುಂಟು. ಬಿಡೆಂದ ಮೇಲೂ ಬಿಡದೆ ಕುಳಿತವನಿಗೆ ಎಷ್ಟು ದಂಡವೋ, ಬಾಡಿಗೆ ಕೊಡುತ್ತಿರುವವನನ್ನು ಹೊರಗೆ ಹಾಕುವ ಯಜಮಾನನಿಗೂ ಅಷ್ಟೇ ದಂಡ: ಹನ್ನೆರಡು ಪಣ. ಆದರೆ ಪಾರುಷ್ಯ, ಸ್ತೇಯ, ಸಾಹಸ ಮೊದಲಾದ ಕೆಲವು ಅಪರಾಧಗಳಿದ್ದಲ್ಲಿ ಹೊರಗೆ ಹಾಕಬಹುದೆಂದು ವಿನಾಯಿತಿಯಿದೆ. ಆ ಪಟ್ಟಿಯ ಕೊನೆಯ ಮಾತು “ಮಿಥ್ಯಾಭೋಗ.” ಅನುಭವಿಸಬಾರದ ರೀತಿಯಲ್ಲಿ ಅನುಭವಿಸುವುದು ಎಂದು ನಾನು ಅದನ್ನು ತಿಳಿಯುತ್ತೇನೆ. ಹೀಗೆ ಬಾಡಿಗೆದಾರನಿಗೆ ಭೋಗದ ಹಕ್ಕುಂಟು, ಆ ಭೋಗಕ್ಕೆ ಒಂದು ಮೇರೆಯೂ ಉಂಟು. ಯಜಮಾನನಿಗೆ ಸ್ವಾಮ್ಯವುಂಟು, ಆ ಸ್ವಾಮ್ಯಕ್ಕೂ ಒಂದು ಮೇರೆಯುಂಟು.

ಈಗಿನ ಕಾನೂನೂ ಇದಕ್ಕೆ ದೂರವಲ್ಲ. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 108ನೆಯ ಕಲಮು, ವಿರುದ್ಧವಾದ ಕರಾರಾಗಲಿ ಸ್ಥಳದ ರೂಢಿಯಾಗಲಿ ಇಲ್ಲದಿದ್ದಲ್ಲಿ, ಎರಡು ಮಾತುಗಳನ್ನು ವಿಧಿಸುತ್ತದೆ. ಸಾಧಾರಣ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ಹೇಗೆ ಬಳಸುವನೋ ಹಾಗೆ ಬಾಡಿಗೆದಾರನು ಆ ಸ್ವತ್ತನ್ನು ಬಳಸಬೇಕು. ಪಡೆದಾಗ ಇದ್ದ ಸ್ಥಿತಿಯಲ್ಲಿಯೇ ಹಿಂದಕ್ಕೆ ಒಪ್ಪಿಸಬೇಕು; ಆದರೆ ನ್ಯಾಯವಾದ ಬಳಕೆಯಿಂದ ಆಗುವ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದ ಆಗುವ ಕೇಡಿಗೂ ಅವನು ಹೊಣೆಯಲ್ಲ. ಬಿಸಿಲಿಗೆ ಬಣ್ಣ ಮಾಸುವುದು, ಅಡಿಗೆಯ ಹೊಗೆಗೆ ಸೂರು ಕಪ್ಪಾಗುವುದು, ಮಕ್ಕಳು ಓಡಾಡಿ ಹೊಸ್ತಿಲು ಸವೆಯುವುದು — ಇವು ಜೀರ್ಣತೆ. ಯಜಮಾನನು ತಿಂಗಳು ತಿಂಗಳಿಗೂ ಎಣಿಸಿಕೊಂಡ ಬಾಡಿಗೆ ಇದಕ್ಕೆ ಸಂದ ಬೆಲೆಯೇ ಆಗಿದೆ. ಬಾಗಿಲನ್ನು ಒಡೆಯುವುದು, ವಾಸಕ್ಕೆಂದು ಪಡೆದು ಕಾರ್ಖಾನೆ ಹೂಡುವುದು — ಇವು ಅಪಚಾರ. ಇವೆರಡನ್ನು ಬೇರ್ಪಡಿಸಿದರೆ ನ್ಯಾಯವು ಮುಗಿಯಿತೆಂದು ನಾನು ಬಹುಕಾಲ ನಂಬಿದ್ದೆನು. ಮೂರನೆಯದೊಂದುಂಟೆಂದು ಅನುಭವವು ಕಲಿಸಿತು.

ನಮ್ಮ ತಾತನವರ ಕಾಲದ ಮನೆಯ ಹಿಂಭಾಗವನ್ನು 2014ರಲ್ಲಿ ಒಬ್ಬ ಗೃಹಸ್ಥರಿಗೆ ಕೊಟ್ಟೆನು. ತಾಯಿ, ಹೆಂಡತಿ, ಒಂದು ಮಗು. ಬಾಡಿಗೆ 5,000 ರೂಪಾಯಿ. ಬೆಂಗಳೂರಿನ ರೂಢಿಯನ್ನು ಅನುಸರಿಸಿ ಹತ್ತು ತಿಂಗಳ ಮುಂಗಡ, 50,000 ರೂಪಾಯಿ. ನಾಲ್ಕು ವರ್ಷ ಇದ್ದು, 2018ರ ಏಪ್ರಿಲಿನಲ್ಲಿ ಬೇರೆ ಊರಿಗೆ ಕೆಲಸ ಸಿಕ್ಕಿ ಹೊರಟರು. ನಾನು ಒಳಗೆ ಹೋಗಿ ನೋಡಿದೆನು. ಅಡಿಗೆಮನೆಯ ಗೋಡೆಯ ಗಾರೆ ಉಬ್ಬಿ ಉದುರುತ್ತಿತ್ತು. ಕೆಂಪು ಗಾರೆಯ ನೆಲವು ಕುಟ್ಟುವ ಒರಳಿನ ಸುತ್ತ ಬಿರಿದಿತ್ತು. ಕಿಟಕಿಯ ಚಿಲಕಗಳು ಮುರಿದಿದ್ದವು. ಗೋಡೆಗೆ ಅಲ್ಲಲ್ಲಿ ಮೊಳೆ. ನನಗೆ ಕೋಪ ಬಂದಿತು. ಕಾಗದ ತೆಗೆದು ಲೆಕ್ಕ ಬರೆದೆನು: ಗೋಡೆಗೆ 24,000, ನೆಲಕ್ಕೆ 9,000, ಸುಣ್ಣಬಣ್ಣಕ್ಕೆ 4,000, ಚಿಲಕಗಳಿಗೆ 1,000, ಒಟ್ಟು 38,000. ಉಳಿದ 12,000 ರೂಪಾಯಿಯನ್ನು ಅವರ ಕೈಗೆ ಕೊಟ್ಟೆನು. ಅವರು ಒಂದು ಸಲ, “ಗೋಡೆ ನಮ್ಮಿಂದ ಕೆಟ್ಟದ್ದಲ್ಲ ಮೇಷ್ಟ್ರೇ” ಎಂದರು. ನಾನು ಕಾಗದವನ್ನು ತೋರಿಸಿದೆನು. “ನೀವು ಹೇಳಿದ ಮೇಲೆ ಆಯಿತು” ಎಂದು ತಲೆತಗ್ಗಿಸಿ ಹೋದರು.

ಜೂನ್ ತಿಂಗಳ ಮಳೆ ಹಿಡಿಯಿತು. ಹೊಸದಾಗಿ ಗಾರೆ ಬಳಿಸಿದ ಅದೇ ಗೋಡೆ, ಖಾಲಿಯಾಗಿದ್ದ ಮನೆಯಲ್ಲಿ, ಮತ್ತೆ ಒದ್ದೆಯಾಯಿತು. ಮೇಸ್ತ್ರಿಯು ತಾರಸಿಗೆ ಹತ್ತಿ ನೋಡಿ ನನ್ನನ್ನು ಕರೆದನು. ಅಂಚಿನ ಮೋಟುಗೋಡೆಯಲ್ಲಿ ಅರಳಿಯ ಸಸಿ ಹುಟ್ಟಿ, ಅದರ ಬೇರು ಮಳೆನೀರು ಇಳಿಯುವ ಕೊಳವೆಯ ಬಾಯಿಯನ್ನು ತುಂಬಿತ್ತು. ನಿಂತ ನೀರು ಗೋಡೆಯೊಳಕ್ಕೆ ಇಳಿಯುತ್ತಿತ್ತು. ಆಗ ನೆನಪಾಯಿತು: ಆ ಗೃಹಸ್ಥರು, ಗೋಡೆ ತೇವವಾಗುತ್ತಿದೆಯೆಂದು ಎರಡು ಮಳೆಗಾಲ ನನಗೆ ಹೇಳಿದ್ದರು. ಎರಡು ಸಲವೂ “ನೋಡೋಣ” ಎಂದಿದ್ದೆನು, ನೋಡಿರಲಿಲ್ಲ. ಜೀರ್ಣತೆ, ಅಪಚಾರ ಎಂಬ ಎರಡರ ಜೊತೆಗೆ ಯಜಮಾನನ ಪ್ರಮಾದ ಎಂಬ ಮೂರನೆಯದನ್ನು ಆ ದಿನ ಕಂಡೆನು. ತನ್ನ ತಟ್ಟೆಯ ಹೆಗ್ಗಣವನ್ನು ಬಿಟ್ಟು ಪರರ ತಟ್ಟೆಯ ನೊಣವನ್ನು ತೋರಿಸಿದವನಾಗಿದ್ದೆನು.

ಇಷ್ಟಾದರೆ ಅಜ್ಞಾನವೆಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ನಿಜವು ಅದಕ್ಕಿಂತ ಕೆಟ್ಟದ್ದು. ಅವರ ಮುಂಗಡವನ್ನು ನಾನು 2016ರಲ್ಲಿ ಮಗಳ ಮದುವೆಗೆ ಖರ್ಚುಮಾಡಿಬಿಟ್ಟಿದ್ದೆನು. ಅವರು ಬಿಡುತ್ತೇವೆಂದಾಗ ಐವತ್ತು ಸಾವಿರವನ್ನು ಹೊಂದಿಸುವ ಚಿಂತೆ ನನ್ನಲ್ಲಿತ್ತು. ಆ ಚಿಂತೆಯನ್ನು ಹೊತ್ತುಕೊಂಡೇ ಮನೆಯೊಳಗೆ ಹೋದೆನು. ಕೊಡಬೇಕಾದ ಹಣ ಕೈಯಲ್ಲಿಲ್ಲದಿದ್ದಾಗ ಗೋಡೆಯ ದೋಷಗಳು ಹೆಚ್ಚಾಗಿ ಕಾಣುತ್ತವೆ. ನನ್ನ ಕೋಪವು ನ್ಯಾಯದ ವೇಷ ತೊಟ್ಟ ಹಣದ ಅಡಚಣೆಯಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದವನು ನಾನು.

ಇಲ್ಲಿಯೇ ಸಿದ್ಧಾಂತವಿದೆ. ಸಾಮಾನ್ಯವಾದ ವ್ಯವಹಾರದಲ್ಲಿ ವಾದಿ ಒಬ್ಬನು, ಸಾಕ್ಷಿ ಒಬ್ಬನು, ನಿರ್ಣಯ ಹೇಳುವವನು ಒಬ್ಬನು, ದಂಡವನ್ನು ವಸೂಲು ಮಾಡುವವನು ಬೇರೊಬ್ಬನು. ಮುಂಗಡವನ್ನು ಹಿಡಿದ ಯಜಮಾನನು ಈ ನಾಲ್ವರೂ ತಾನೇ ಆಗುತ್ತಾನೆ. ಹೀಗೆ ನಾಲ್ಕು ಅಧಿಕಾರಗಳು ಒಬ್ಬನಲ್ಲಿ ಕೂಡಿದಾಗ ಅವನ ಹೊಣೆ ನಾಲ್ಕರಷ್ಟಾಗಬೇಕೇ ಹೊರತು ಹಗುರವಾಗಬಾರದು.

ಮತ್ತೂ ಒಂದು ಮಾತು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಎರಡನೆಯದು ನಿಕ್ಷೇಪ. ಎಂದರೆ, ನಂಬಿ ಇನ್ನೊಬ್ಬನ ಕೈಯಲ್ಲಿ ಇಟ್ಟ ವಸ್ತು. ಯಾಜ್ಞವಲ್ಕ್ಯಸ್ಮೃತಿಯು, ಇಟ್ಟ ವಸ್ತುವನ್ನು ಸ್ವೇಚ್ಛೆಯಿಂದ ಉಪಯೋಗಿಸಿ ಜೀವಿಸಿದವನಿಗೆ ದಂಡವನ್ನು ವಿಧಿಸಿ, ವಸ್ತುವನ್ನು ಲಾಭಸಹಿತವಾಗಿ ಹಿಂದಕ್ಕೆ ಕೊಡಿಸಬೇಕೆನ್ನುತ್ತದೆ. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದದ್ದು ಈ ಸ್ಮೃತಿಗೇ. ಮುಂಗಡವು ಅಕ್ಷರಶಃ ನಿಕ್ಷೇಪವಲ್ಲವೆಂದು ಪಂಡಿತರು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೆ ಅದರ ಧರ್ಮವು ನ್ಯಾಸದ ಧರ್ಮವೇ. ಯಜಮಾನನ ಮನೆ ಬಾಡಿಗೆದಾರನ ಕೈಯಲ್ಲಿ ನ್ಯಾಸ. ಬಾಡಿಗೆದಾರನ ಹಣ ಯಜಮಾನನ ಕೈಯಲ್ಲಿ ನ್ಯಾಸ. ಅವನು ಗೋಡೆಗೆ ಮೊಳೆ ಹೊಡೆದುದನ್ನು ಎಣಿಸುವ ನಾವು, ಅವನ ಹಣವನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆಂಬುದನ್ನೂ ಎಣಿಸಬೇಡವೆ?

ಹಾಗಾದರೆ ಎಲ್ಲವನ್ನೂ ಕ್ಷಮಿಸಿಬಿಡಬೇಕೆ? ಅಲ್ಲ. ಬೇಕೆಂದು ಕೆಡಿಸಿದವನಿಂದ, ಅಜಾಗರೂಕತೆಯಿಂದ ಒಡೆದವನಿಂದ, ಆದ ನಷ್ಟವನ್ನು ಕೇಳುವುದು ತಪ್ಪಲ್ಲ. ಬಾಡಿಗೆಗೆ ತಂದ ಪಾತ್ರೆ ಒಡೆದರೆ ಸಾಮಾನ್ಯವಾಗಿ ತಂದವನೇ ಹೊಣೆಯೆಂದು ನಾರದಸ್ಮೃತಿಯೂ ಹೇಳುವುದು. ತಾನು ಮಾಡಿದ ಹಾನಿಯನ್ನು ತಾನೇ ತುಂಬಿಕೊಡುವ ಅವಕಾಶವನ್ನು ಒಬ್ಬ ಗೃಹಸ್ಥನಿಗೆ ಕೊಡುವುದು ಅವನಿಗೆ ಮಾಡುವ ಗೌರವವೇ ಆಗಿದೆ. ಅಲ್ಲದೆ, ಎಷ್ಟೋ ವೇಳೆ ನಾವು ಕ್ಷಮೆಯೆಂದು ಕರೆಯುವುದು ಲೆಕ್ಕ ನೋಡುವ ಶ್ರಮಕ್ಕೆ ಹೆದರಿದ ಆಲಸ್ಯ. ಮೊದಲು ಲೆಕ್ಕ ಸರಿಯಾಗಲಿ. ಆಮೇಲೆ ಮನಸ್ಸಿದ್ದರೆ ಬಿಡೋಣ. ಎಷ್ಟು ಬಂದೀತೆಂಬುದನ್ನೇ ತಿಳಿಯದವನು ಏನನ್ನು ಬಿಟ್ಟಂತಾಯಿತು?

ಆದಕಾರಣ ಈಚೆಗೆ ನಾನು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ಕಾಯಿದೆಯಂತೆ ನೋಂದಣಿ ಬೇಕಾಗುವುದರಿಂದ, ಹನ್ನೊಂದು ತಿಂಗಳ ಕರಾರು ನಮ್ಮಲ್ಲಿ ವಾಡಿಕೆ. ಅದರಲ್ಲಿ ಹಣದ ಮಾತೆಲ್ಲ ಇರುತ್ತದೆ. ಮನೆಯ ಸ್ಥಿತಿಯ ಮಾತು ಹೆಚ್ಚಾಗಿ ಇರುವುದಿಲ್ಲ. ಆದ್ದರಿಂದ ಒಪ್ಪಿಸುವ ದಿನವೇ ನೆಲ, ಗೋಡೆ, ಬಾಗಿಲು, ನಲ್ಲಿಗಳ ಸ್ಥಿತಿಯನ್ನು ಬರೆದು, ಚಿತ್ರ ತೆಗೆದು, ಇಬ್ಬರೂ ರುಜು ಮಾಡುತ್ತೇವೆ. ಮುಂಗಡವನ್ನು ಬ್ಯಾಂಕಿನಲ್ಲಿ ಬೇರೆ ಇಡುತ್ತೇನೆ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವುದಿಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿಯೂ ವಾಸದ ಮನೆಗೆ ಇದೇ ಮಿತಿಯಿದೆ. ಬಿಡುವ ದಿನ ಹಗಲಿನಲ್ಲಿ, ಇಬ್ಬರೂ ಕೂಡಿ, ಮೇಸ್ತ್ರಿಯೊಬ್ಬನನ್ನು ಕರೆದುಕೊಂಡು ನೋಡುತ್ತೇವೆ. ಪ್ರತಿಯೊಂದು ಕೇಡಿಗೂ ಮೂರು ಪ್ರಶ್ನೆ: ಇದು ಕಾಲದಿಂದ ಆದುದೆ, ಅವರಿಂದ ಆದುದೆ, ನನ್ನಿಂದ ಆದುದೆ? ಅವರಿಂದ ಆದುದಾದರೂ ಹಳೆಯ ವಸ್ತುವಿಗೆ ಹೊಸದರ ಬೆಲೆಯನ್ನು ಹಾಕುವುದಿಲ್ಲ. ಇಷ್ಟರ ಮೇಲೂ ಒಬ್ಬನು ಉದ್ಧಟನಾಗಿ ಮನೆಯನ್ನು ಕೆಡಿಸಿದರೆ ನ್ಯಾಯಾಲಯವಿದೆ. ನೀರು ನಿಲ್ಲಿಸುವುದು, ದೀಪ ತೆಗೆಸುವುದು, ಸಾಮಾನನ್ನು ಬೀದಿಗೆ ಹಾಕುವುದು ಇವು ಗೃಹಸ್ಥನ ದಾರಿಗಳಲ್ಲ. ಒಳಗೆ ಇರುವವರಲ್ಲಿ ತಪ್ಪುಮಾಡದ ಮುದುಕರೂ ಮಕ್ಕಳೂ ಉಂಟು.

ಕಥೆಯ ಶೇಷವನ್ನು ಹೇಳಬೇಕು. ಮೇಸ್ತ್ರಿಯಿಂದ ಮತ್ತೆ ಲೆಕ್ಕ ಮಾಡಿಸಿದೆನು. ಒರಳಿನ ಸುತ್ತಲ ನೆಲಕ್ಕೆ 6,000, ಚಿಲಕಗಳಿಗೆ 1,000. ಇಷ್ಟೇ ಅವರ ಪಾಲು. ಉಳಿದ 31,000 ರೂಪಾಯಿಯನ್ನು ಹೊಂದಿಸಿಕೊಂಡು ಶ್ರಾವಣದಲ್ಲಿ ಅವರ ಊರಿಗೆ ಹೋದೆನು. ಹೊಸ ಮನೆಯ ಮುಂಗಡಕ್ಕಾಗಿ ಹೆಂಡತಿಯ ಬಳೆಗಳನ್ನು ಗಿರವಿ ಇಟ್ಟಿದ್ದರೆಂದು ಅಲ್ಲಿ ತಿಳಿಯಿತು. ಅದರ ಬಡ್ಡಿಯನ್ನೂ ಕೇಳಿ ಕೊಟ್ಟೆನು, ಸಂಕೋಚದಿಂದ ತೆಗೆದುಕೊಂಡರು. ಕಾಫಿಯನ್ನೂ ಕೊಟ್ಟರು. ಹೊರಡುವಾಗ ಅವರ ತಾಯಿ ಬಾಗಿಲಿಗೆ ಬಂದು, “ದುಡ್ಡು ಬಂತು ಮೇಷ್ಟ್ರೇ, ನಿಮಗೆ ಒಳ್ಳೆಯದಾಗಲಿ. ಆದರೆ ಆ ದಿನ ನನ್ನ ಮಗ ತನ್ನ ಹೆಂಡತಿಯ ಮುಂದೆ ಸುಳ್ಳುಗಾರನ ಹಾಗೆ ನಿಂತಿದ್ದ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಗೋಡೆಯ ಹಾನಿಯನ್ನು ಗಾರೆಯಿಂದ ತುಂಬಬಹುದು. ಹಣದ ಹಾನಿಯನ್ನು ಬಡ್ಡಿಯಿಂದ ತುಂಬಬಹುದು. ಆಕೆ ಹೇಳಿದ ಹಾನಿಗೆ ಬೆಲೆ ಕಟ್ಟಿಕೊಡುವ ಮೇಸ್ತ್ರಿಯಿಲ್ಲ. ವಾಚಕರಲ್ಲಿ ಮನೆಯುಳ್ಳವರು, ಬಾಡಿಗೆದಾರನ ಮುಂದೆ ಕಾಗದವನ್ನು ಹಿಡಿದು ನಿಲ್ಲುವ ಮೊದಲು, ಒಂದು ಸಲ ತಾರಸಿಗೆ ಹತ್ತಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.